ವಿಮೋಚನೆಯ ನೆನಪು, ಪ್ರಾತಿನಿಧ್ಯದ ಮರೆವು

ಪ್ರತಿ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕದಲ್ಲಿ ವಿಮೋಚನಾ ದಿನದ ಧ್ವಜಾರೋಹಣ ನಡೆಯುತ್ತದೆ. 1948ರ ಐದು ದಿನಗಳ ಸೇನಾ ಕಾರ್ಯಾಚರಣೆ ಹಾಗೂ ರಜಾಕಾರರ ದೌರ್ಜನ್ಯ, ಇವೆರಡೂ ಭಾಷಣಗಳಲ್ಲಿ ತಪ್ಪದೆ ಬರುತ್ತವೆ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನ ಸೇನೆ ಬರುವ ಮೊದಲೇ ಏನನ್ನು ಬಯಸಿ ಹೋರಾಟಕ್ಕಿಳಿದರು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಅವರು ಬಯಸಿದ್ದು ಜವಾಬ್ದಾರಿ ಸರ್ಕಾರ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ 1938ರಲ್ಲಿ ಹುಟ್ಟುವ ಮೊದಲೇ ನಿಷೇಧಕ್ಕೊಳಗಾಯಿತು. ಆಗ ಅದು ನಿಜಾಮರ ಪದಚ್ಯುತಿಯನ್ನು ಕೇಳಿರಲಿಲ್ಲ. ಅಸಫ್ ಜಾಹಿ ಮನೆತನದ ಆಶ್ರಯದಲ್ಲಿಯೇ ಪ್ರಜೆಗಳಿಗೆ ಉತ್ತರ ಹೇಳುವ ಸರ್ಕಾರವನ್ನು ಕೇಳಿತ್ತು. ಇತಿಹಾಸದಲ್ಲಿ ಇದಕ್ಕೊಂದು ಹಳೆಯ ಸಾದೃಶ್ಯವಿದೆ. 1642ರಲ್ಲಿ ಇಂಗ್ಲೆಂಡಿನ ಸಂಸತ್ತಿನ ಬೆಂಬಲಿಗರು ಕತ್ತಿ ಹಿಡಿದಾಗಲೂ ತಾವು ದೊರೆ ಮತ್ತು ಸಂಸತ್ತು ಇಬ್ಬರ ಪರವೆಂದೇ ಹೇಳಿಕೊಂಡಿದ್ದರು. ಹನ್ನೊಂದು ವರ್ಷ ಸಂಸತ್ತನ್ನೇ ಕರೆಯದೆ, ಅದರ ಒಪ್ಪಿಗೆಯಿಲ್ಲದೆ ತೆರಿಗೆ ಎತ್ತಿದ್ದ ಒಂದನೆಯ ಚಾರ್ಲ್ಸ್ ಮಣಿಯಲಿಲ್ಲ. 1649ರಲ್ಲಿ ತಲೆದಂಡ ತೆತ್ತ. ಸುಧಾರಣೆ ಕೇಳಿದವರನ್ನು ವಿರೋಧಿಗಳನ್ನಾಗಿ ಮಾಡುವುದು ಅರಸರ ಹಟವೇ.

ಹೈದರಾಬಾದಿನಲ್ಲೂ ಹಾಗೆಯೇ ಆಯಿತು. 1947ರ ಜೂನ್‌ನಲ್ಲಿ ನಿಜಾಮರು ತಾವು ಸ್ವತಂತ್ರ ಸಾರ್ವಭೌಮರಾಗುವುದಾಗಿ ಸಾರಿದರು. ಆಗಸ್ಟ್ 7ರಂದು ಭಾರತ ಒಕ್ಕೂಟಕ್ಕೆ ಸೇರುವ ಚಳವಳಿ ಆರಂಭವಾಯಿತು. ಗಡಿಯಾಚೆ, ಅಂದಿನ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರಗಳು ಎದ್ದವು. ಮೊದಲನೆಯದಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿ, ಎರಡನೆಯದಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ನಾಯಕರು. ಇದು ಎರಡು ಧರ್ಮಗಳ ಕಾಳಗವಲ್ಲ. ವಿಲೀನದ ಪರವಾಗಿ ಬರೆದುದಕ್ಕೆ 1948ರ ಆಗಸ್ಟ್‌ನಲ್ಲಿ ಹತ್ಯೆಗೀಡಾದ ಪತ್ರಕರ್ತ ಶೋಯಬುಲ್ಲಾ ಖಾನ್ ಮುಸ್ಲಿಮರೇ ಆಗಿದ್ದರು.

ಗೆದ್ದ ನಂತರ ಇಲ್ಲಿ ಅರಸರ ತಲೆ ಉರುಳಲಿಲ್ಲ. ನಿಜಾಮರು 1950ರಿಂದ 1956ರವರೆಗೆ ಸಂವಿಧಾನಕ್ಕೆ ಬದ್ಧರಾದ ರಾಜಪ್ರಮುಖರಾಗಿದ್ದರು. ಶಿವಮೂರ್ತಿಸ್ವಾಮಿಯವರು 1952ರ ಮೊದಲ ಮಹಾಚುನಾವಣೆಯಲ್ಲಿ ಕುಷ್ಟಗಿಯಿಂದ ಪಕ್ಷೇತರರಾಗಿ ಗೆದ್ದು ಲೋಕಸಭೆ ಪ್ರವೇಶಿಸಿದರು. ಶಿಬಿರದ ನಾಯಕ ಸಂಸತ್ತಿನ ಸದಸ್ಯನಾದದ್ದೇ ಆ ಹೋರಾಟದ ನಿಜವಾದ ಅರ್ಥ.

ಆ ಅರ್ಥವನ್ನು ನಾವು ಉಳಿಸಿಕೊಂಡಿದ್ದೇವೆಯೇ? ಈ ನಾಲ್ಕು ತಾಲ್ಲೂಕುಗಳು 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದವು. 2012ರಲ್ಲಿ ಸಂಸತ್ತು ಅಂಗೀಕರಿಸಿದ 371-ಜೆ ವಿಧಿ ಈ ಭಾಗಕ್ಕೆ ವಿಶೇಷ ಸ್ಥಾನ ತಂದಿತು. ಆದರೆ ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿಯ ತಕರಾರುಗಳು ಕಾರಣವಾದವು. ಐದು ವರ್ಷಗಳ ಅವಧಿ ತುಂಬುವ ಮೊದಲೇ ಚುನಾವಣೆ ನಡೆಯಬೇಕೆಂಬ ಸಂವಿಧಾನದ 243-ಇ ವಿಧಿ ಕಾಗದದಲ್ಲುಳಿಯಿತು. ಚುನಾಯಿತರ ಜಾಗದಲ್ಲಿ ಆಡಳಿತಾಧಿಕಾರಿಗಳು ಕುಳಿತರು.

ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದ ನಾನು ಅಧಿಕಾರಿಗಳ ದಕ್ಷತೆಯನ್ನು ಅಲ್ಲಗಳೆಯಲಾರೆ. ಸದಸ್ಯರ ಗದ್ದಲವಿಲ್ಲದಾಗ ಕಡತ ಬೇಗ ಚಲಿಸುತ್ತದೆ. ಆದರೆ ಅದು ಮೇಲಿನವರಿಗೆ ಉತ್ತರ ಹೇಳುತ್ತದೆಯೇ ಹೊರತು, ಯಲಬುರ್ಗಾದ ಕುಡಿಯುವ ನೀರಿಗೋ ಕುಷ್ಟಗಿಯ ಶಾಲೆಯ ಕೊಠಡಿಗೋ ಕಾದಿರುವವರಿಗಲ್ಲ. ನಿಜಾಮರ ಆಡಳಿತದಲ್ಲೂ ಸಮರ್ಥ ಅಧಿಕಾರಿಗಳಿದ್ದರು. ಜನರ ಆಕ್ಷೇಪವಿದ್ದದ್ದು ಅವರನ್ನು ಪ್ರಶ್ನಿಸುವ ಸಭೆಯೊಂದಿಲ್ಲ ಎಂಬುದಕ್ಕೆ. ಧ್ವಜವಂದನೆಯ ದಿನ ಹುತಾತ್ಮರ ಹೆಸರು ಹೇಳುವ ಸರ್ಕಾರ, ಪಕ್ಷ ಯಾವುದೇ ಇರಲಿ, ಆ ಸಭೆಯನ್ನು ಒಂದು ದಿನವೂ ಖಾಲಿ ಬಿಡುವಂತಿಲ್ಲ.