ಕಾರಿನಲ್ಲಿ ಮಗುವಿನ ಜಾಗ ಮಡಿಲಲ್ಲ

ಬೆಂಗಳೂರಿನ ಗೃಹಿಣಿಯೊಬ್ಬರು ಪತ್ರ ಬರೆದಿದ್ದಾರೆ. ದೀಪಾವಳಿಗೆ ಪುತ್ತೂರಿನ ತವರುಮನೆಗೆ ಕಾರಿನಲ್ಲಿ ಹೊರಟಿದ್ದಾರಂತೆ. ಜೊತೆಗೆ ಯಜಮಾನರು, ಅತ್ತೆ, ಒಂದೂವರೆ ವರ್ಷದ ಮಗಳು ಮತ್ತು ಎರಡು ನಾಯಿಗಳು. ಒಂದು ಲ್ಯಾಬ್ರಡಾರ್, ಇನ್ನೊಂದು ಬೀದಿಯಿಂದ ತಂದು ಸಾಕಿದ್ದು, ಈಗ ಅದಕ್ಕೆ ವಯಸ್ಸಾಗಿದೆ. ಅವರ ಪ್ರಶ್ನೆ ಇಷ್ಟೆ: ಶಿರಾಡಿ ಘಾಟಿಯಲ್ಲಿ ಮಗುವಿಗೆ ವಾಂತಿಯಾಗದಂತೆ ಯಾವ ಔಷಧ ಕೊಡಬಹುದು? ಅದರಿಂದ ಸ್ವಲ್ಪ ನಿದ್ದೆಯೂ ಬರುವಂತಿದ್ದರೆ ಅನುಕೂಲ.

ಔಷಧದ ವಿಷಯಕ್ಕೆ ಆಮೇಲೆ ಬರುತ್ತೇನೆ. ಪತ್ರದ ನಡುವೆ ಅವರು ಸಹಜವಾಗಿ ಬರೆದಿರುವ ಇನ್ನೊಂದು ವಾಕ್ಯ ನನ್ನನ್ನು ಹೆಚ್ಚು ಕಾಡಿತು. 'ಮಗು ಮುಂದಿನ ಸೀಟಿನಲ್ಲಿ ಅತ್ತೆಯವರ ಮಡಿಲಲ್ಲಿ ಕೂರುತ್ತದೆ, ಅಲ್ಲಾದರೆ ಹಟ ಮಾಡುವುದಿಲ್ಲ.'

ಇದು ಅವರೊಬ್ಬರ ಮಾತಲ್ಲ. ನಮ್ಮ ರಸ್ತೆಯಲ್ಲಿ ಹತ್ತು ಕಾರುಗಳನ್ನು ಗಮನಿಸಿ ನೋಡಿ, ಎಷ್ಟು ಮಕ್ಕಳು ಮಡಿಲಲ್ಲಿ ಕುಳಿತಿವೆ, ಎಷ್ಟು ಮಕ್ಕಳು ಮುಂದಿನ ಗಾಜಿಗೆ ಕೈಯೂರಿ ನಿಂತಿವೆ ಎಂದು. ನಾನೂ ಮಾಡಿದವನೇ. ನನ್ನ ಮಗಳು ಚಿಕ್ಕವಳಿದ್ದಾಗ ಇದೇ ಹಾಸನ-ಸಕಲೇಶಪುರದ ದಾರಿಯಲ್ಲಿ ಅವಳನ್ನು ನನ್ನಾಕೆ ಮುಂದಿನ ಸೀಟಿನಲ್ಲಿ ಮಡಿಲಲ್ಲಿಟ್ಟುಕೊಂಡು ಎಷ್ಟು ಸಲ ಬಂದಿದ್ದಾಳೋ ಲೆಕ್ಕವಿಲ್ಲ. ಏನೂ ಆಗಲಿಲ್ಲ. ಅದು ನಮ್ಮ ಅದೃಷ್ಟವೇ ಹೊರತು ಬುದ್ಧಿವಂತಿಕೆಯಲ್ಲ.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಯಾವುದಕ್ಕಾದರೂ ಗುದ್ದಿ ನಿಂತರೆ ಕಾರು ಮಾತ್ರ ನಿಲ್ಲುತ್ತದೆ. ಒಳಗಿರುವ, ಕಟ್ಟಿರದ ಎಲ್ಲವೂ ಅದೇ 50ರ ವೇಗದಲ್ಲಿ ಮುಂದಕ್ಕೆ ಹೋಗುತ್ತವೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮನೆಯ ತಾರಸಿಯಿಂದ ಕೆಳಗೆ ಬಿದ್ದಾಗ ನೆಲ ಮುಟ್ಟುವ ವೇಗವೂ ಅಷ್ಟೇ. 10 ಕಿಲೋ ತೂಕದ ಮಗು ಆ ಕ್ಷಣದಲ್ಲಿ ಕೈಗೆ ನೂರು ಕಿಲೋಗೂ ಮಿಕ್ಕಿದ ಭಾರವಾಗುತ್ತದೆ. ಅದನ್ನು ಹಿಡಿದಿಡಲು ಯಾವ ಪೈಲ್ವಾನನಿಂದಲೂ ಸಾಧ್ಯವಿಲ್ಲ.

ಹಲವು ವರ್ಷಗಳ ಹಿಂದೆ ಎರಡು ವರ್ಷದ ಗಂಡುಮಗುವೊಂದನ್ನು ನನ್ನ ಬಳಿ ತಂದಿದ್ದರು. ದನ ಅಡ್ಡ ಬಂತೆಂದು ಅಪ್ಪ ಬ್ರೇಕ್ ಹಾಕಿದ್ದರು, ಅಷ್ಟೆ. ಡಿಕ್ಕಿ ಕೂಡ ಆಗಿರಲಿಲ್ಲ. ಅಜ್ಜಿಯ ಮಡಿಲಲ್ಲಿದ್ದ ಮಗು ಡ್ಯಾಶ್‌ಬೋರ್ಡಿಗೆ ಬಡಿದು ತಲೆಬುರುಡೆಯಲ್ಲಿ ಸಣ್ಣ ಬಿರುಕು ಬಿಟ್ಟಿತ್ತು, ಮುಂದಿನ ಎರಡು ಹಲ್ಲು ತುಟಿಯೊಳಗೆ ನಾಟಿದ್ದವು. ಮಗು ಚೇತರಿಸಿಕೊಂಡಿತು. ಆದರೆ ಎರಡು ದಿನವೂ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಆ ಅಜ್ಜಿ ನನ್ನನ್ನು ಕಂಡಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: "ನಾನು ಗಟ್ಟಿಯಾಗೇ ಹಿಡ್ಕೊಂಡಿದ್ದೆ ಡಾಕ್ಟ್ರೇ." ಅವರು ಹೇಳಿದ್ದು ನಿಜ. ಮನೆಯಲ್ಲಿ ಯಾರೂ ಅವರನ್ನು ಒಂದು ಮಾತೂ ಅಂದಿರಲಿಲ್ಲ, ಅದು ಅವರನ್ನು ಇನ್ನಷ್ಟು ಕುಗ್ಗಿಸಿತ್ತು ಎಂದು ನನಗನ್ನಿಸಿತು.

ಕೆಲವರು ಜಾಣತನ ಮಾಡಿ ಒಂದೇ ಬೆಲ್ಟಿನಲ್ಲಿ ತಮ್ಮನ್ನೂ ಮಗುವನ್ನೂ ಸೇರಿಸಿ ಕಟ್ಟಿಕೊಳ್ಳುತ್ತಾರೆ. ಇದು ಇನ್ನೂ ಕೆಟ್ಟದ್ದು. ದೊಡ್ಡವರ ಮೈಭಾರವೆಲ್ಲ ಬೆಲ್ಟಿಗೂ ತಮಗೂ ನಡುವೆ ಸಿಕ್ಕ ಮಗುವಿನ ಮೇಲೆ ಬೀಳುತ್ತದೆ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಇದೆಯಲ್ಲ ಎನ್ನುವವರಿಗೂ ಒಂದು ಮಾತು. ದೊಡ್ಡವರ ಎದೆಗೆಂದು ಕಣ್ಣು ಮಿಟುಕಿಸುವುದರೊಳಗೆ ಉಬ್ಬುವ ಆ ಚೀಲ ಮಗುವಿನ ಮುಖಕ್ಕೆ ಬಡಿಯುತ್ತದೆ.

ಮಗುವಿನ ಜಾಗ ಹಿಂದಿನ ಸೀಟಿನಲ್ಲಿ, ಅದರದೇ ಆದ ಪುಟ್ಟ ಆಸನದಲ್ಲಿ. ಒಂದೂವರೆ ವರ್ಷದ ಮಗುವಾದರೆ ಮುಖ ಕಾರಿನ ಹಿಂಬದಿಗೆ ಇರಬೇಕು. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ, ಕತ್ತು ಎಳೆಯದು. ಆಸನದ ಬೆನ್ನು ಎರಡನ್ನೂ ತಾಂಗುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಕಡ್ಡಾಯ, ತಪ್ಪಿದರೆ 1000 ರೂಪಾಯಿ ದಂಡ. ದಂಡ ಹಾಕಿಸಿಕೊಂಡವರನ್ನು ನಾನಂತೂ ಕಂಡಿಲ್ಲ. ಆಸನಕ್ಕೆ ಕೆಲವು ಸಾವಿರ ರೂಪಾಯಿ ಆಗುತ್ತದೆ. ದುಬಾರಿಯೆನ್ನುವವರ ಕೈಯಲ್ಲಿರುವ ಮೊಬೈಲಿನ ಬೆಲೆ ನಾನು ಕೇಳಹೋಗುವುದಿಲ್ಲ.

'ಕಟ್ಟಿಹಾಕಿದರೆ ಮಗು ಅಳುತ್ತದೆ, ಪಾಪ' ಎಂದು ಅತ್ತೆಯವರು ಹೇಳಿಯೇ ಹೇಳುತ್ತಾರೆ. ಅಳುತ್ತದೆ, ಹೌದು. ಅದಕ್ಕೇ ಹಬ್ಬದ ಹಿಂದಿನ ದಿನ ಆಸನ ತರಬೇಡಿ. ಹದಿನೈದು ದಿನ ಮೊದಲೇ ತಂದು ಹಾಲಿನಂಗಡಿಗೆ, ತರಕಾರಿಗೆ ಹೋಗುವಾಗೆಲ್ಲ ಅದರಲ್ಲೇ ಕೂರಿಸಿ ರೂಢಿ ಮಾಡಿಸಿ.

ಈಗ ನಾಯಿಗಳ ವಿಷಯ. ಕಾರಿನಲ್ಲಿ ಎಷ್ಟು ಸೀಟಿದೆಯೆಂದು ಎಣಿಸಬೇಡಿ, ಎಷ್ಟು ಬೆಲ್ಟಿದೆಯೆಂದು ಎಣಿಸಿ. ಅತ್ತೆಯವರು ಮುಂದೆ ಬೆಲ್ಟ್ ಹಾಕಿ ಕೂರಲಿ. ಹಿಂದೆ ಒಂದು ಬದಿಗೆ ಮಗುವಿನ ಆಸನ, ನಡುವೆ ನೀವು, ಇನ್ನೊಂದು ಬದಿಗೆ ಲ್ಯಾಬ್ರಡಾರ್. ಕುತ್ತಿಗೆ ಪಟ್ಟಿಗೆ ಕಟ್ಟಬೇಡಿ, ಎದೆ ಸುತ್ತುವ ಪಟ್ಟಿ ತೊಡಿಸಿ ಅದನ್ನು ಬೆಲ್ಟಿಗೆ ಸಿಕ್ಕಿಸಿ. 25 ಕಿಲೋದ ನಾಯಿಯೂ ಅಪಘಾತದಲ್ಲಿ ಮಗುವಿನಂತೆಯೇ ಹಾರುತ್ತದೆ, ಮತ್ತು ಎದುರಿಗಿದ್ದವರ ಮೇಲೆ ಬೀಳುತ್ತದೆ. ಅಲ್ಲಿಗೆ ಬೆಲ್ಟುಗಳು ಮುಗಿದವು. ಮುದಿ ನಾಯಿಗೆ ಜಾಗವಿಲ್ಲ. ಏಳೆಂಟು ಗಂಟೆಯ ಪ್ರಯಾಣ, ಘಾಟಿಯ ತಿರುವು ಅದಕ್ಕೂ ಸುಖವಲ್ಲ. ಪರಿಚಯದ ನೆರೆಮನೆಯವರಲ್ಲಿ ಬಿಡುವುದೇ ಮೇಲು ಎಂದು ನನ್ನ ಅಭಿಪ್ರಾಯ. ಬಿಟ್ಟು ಬರಲು ಮನಸ್ಸೇ ಒಪ್ಪದಿದ್ದರೆ ಮನೆಯವರಲ್ಲೊಬ್ಬರು ರೈಲು ಹತ್ತಲಿ; ಕಬಕ ಪುತ್ತೂರು ನಿಲ್ದಾಣ ಇದ್ದೇ ಇದೆ.

ಇನ್ನು ನೀವು ಕೇಳಿದ ಔಷಧ. ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಬರುವುದೇ ಅಪರೂಪ; ಅದರ ಕಾಟ ಎರಡರಿಂದ ಹನ್ನೆರಡು ವರ್ಷದವರಿಗೆ ಹೆಚ್ಚು. ವಾಂತಿ ತಡೆಯಲು ಬಳಸುವ ಪ್ರೊಮೆಥಜೀನ್ ಎರಡು ವರ್ಷದೊಳಗಿನವರ ಉಸಿರಾಟವನ್ನೇ ಕುಗ್ಗಿಸಬಲ್ಲದು. ದಾರಿಯುದ್ದಕ್ಕೂ ಮಲಗಲಿ ಎಂದು ನೆಗಡಿಯ ಸಿರಪ್ ಕುಡಿಸುವ ತಾಯಂದಿರನ್ನು ನಾನು ಬಲ್ಲೆ. ಅಂಥ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಮಿಶ್ರಣವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿ ಸೂಚಿಸಿದ್ದಾರೆ. ಮಗು ಎಚ್ಚರವಾಗಿರಲಿ, ಕಿರುಚಲಿ, ಹಾಡು ಹೇಳಿ. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಕೆಳಗಿಳಿಸಿ. ಇಳಿಸುವಾಗ ಮಗುವಿನ ಕೈ ಒಬ್ಬರು ಹಿಡಿಯಿರಿ, ನಾಯಿಯ ಹಗ್ಗ ಇನ್ನೊಬ್ಬರು. ಎರಡನ್ನೂ ಒಬ್ಬರೇ ಹಿಡಿದರೆ ಹೆದ್ದಾರಿಯಲ್ಲಿ ಯಾವುದಾದರೊಂದು ಕೈ ತಪ್ಪುತ್ತದೆ.

ಹೋಟೆಲಿನಲ್ಲಿ ದೋಸೆ ತಿನ್ನುವಷ್ಟು ಹೊತ್ತೂ ನಾಯಿಯನ್ನಾಗಲಿ, ನಿದ್ದೆ ಹೋದ ಮಗುವನ್ನಾಗಲಿ ಕಾರಿನೊಳಗೆ ಬಿಡಬೇಡಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಅರ್ಧ ಗಂಟೆಯಲ್ಲಿ ಸುಮಾರು 18 ಡಿಗ್ರಿ ಸೆಲ್ಸಿಯಸ್ ಶಾಖ ಏರುತ್ತದೆ. ಗಾಜು ಸ್ವಲ್ಪ ಇಳಿಸಿದರೆ ಏನೂ ವ್ಯತ್ಯಾಸವಾಗದು. ಸರದಿಯಲ್ಲಿ ತಿಂಡಿ ತಿನ್ನಿ.

ತವರುಮನೆಯ ಅಂಗಳ ತಲುಪಿದ ಮೇಲಿನ ಮೊದಲ ಅರ್ಧ ಗಂಟೆಯ ಬಗ್ಗೆ ನನಗೆ ಹೆಚ್ಚು ಭಯ. ಎಲ್ಲರೂ ಒಟ್ಟಿಗೆ ಓಡಿಬರುತ್ತಾರೆ, ಆ ಮನೆಯ ನಾಯಿ ತೋಟದಿಂದ ಬೊಗಳುತ್ತ ಬರುತ್ತದೆ, ನಿಮ್ಮ ನಾಯಿ ದಣಿದು ಗಾಬರಿಯಾಗಿರುತ್ತದೆ, ಎರಡರ ನಡುವೆ ಮಗು ಇರುತ್ತದೆ. ಈ ವಯಸ್ಸಿನ ಮಗುವಿನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುವುದರಿಂದ ಕಚ್ಚಿದರೆ ಮುಖಕ್ಕೇ. ಮಗುವನ್ನು ಎತ್ತಿಕೊಂಡು ನೇರ ಒಳಗೆ ಹೋಗಿ. ನಾಯಿಗಳು ತಮ್ಮ ಪಂಚಾಯಿತಿ ಅಂಗಳದಲ್ಲಿ ಮುಗಿಸಿಕೊಳ್ಳಲಿ. ಎರಡು ನಾಯಿಗಳಿಗೂ ರೇಬೀಸ್ ಲಸಿಕೆ ಈ ವರ್ಷ ಆಗಿದೆಯೇ ಎಂದು ಈಗಲೇ ವಿಚಾರಿಸಿ. ಹಳ್ಳಿಮನೆಯ ನಾಯಿಗೆ ಬಹಳ ಸಲ ಆಗಿರುವುದಿಲ್ಲ.

ಒಂದು ವೇಳೆ ಕಚ್ಚಿದರೆ, ಮನೆಯ ನಾಯಿಯೇ ಆಗಿರಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಗಡಿಯಾರ ನೋಡಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಹಬ್ಬ ಮುಗಿಯಲಿ ಎನ್ನದೆ ಅಂದೇ ಆಸ್ಪತ್ರೆಗೆ ಹೋಗಿ. ಮುಖದ ಗಾಯ ಮಿದುಳಿಗೆ ಹತ್ತಿರ, ರೋಗಾಣು ನರದ ಗುಂಟ ಬೇಗ ಏರುತ್ತದೆ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದೊಳಕ್ಕೇ ಇಮ್ಯುನೋಗ್ಲಾಬ್ಯುಲಿನ್ ಕೊಡಬೇಕಾಗುತ್ತದೆ. ಅದು ಎಲ್ಲ ಆಸ್ಪತ್ರೆಗಳಲ್ಲೂ ಸಿಗುವುದಿಲ್ಲ, ಮೊದಲು ಫೋನ್ ಮಾಡಿ ಕೇಳಿಕೊಂಡು ಹೊರಡಿ.

ಇಷ್ಟೆಲ್ಲ ಓದಿ ಪ್ರಯಾಣವನ್ನೇ ರದ್ದು ಮಾಡಬೇಡಿ. ಹೋಗಿ ಬನ್ನಿ. ಎರಡು ಗಂಟೆಗೊಮ್ಮೆ ನಿಲ್ಲಿಸುವುದರಿಂದ ಎಷ್ಟು ಬೇಗ ಹೊರಟರೂ ಪುತ್ತೂರು ತಲುಪುವಾಗ ಮಧ್ಯಾಹ್ನ ಕಳೆದಿರುತ್ತದೆ. ಊಟಕ್ಕೆ ಕಾಯುವುದು ಬೇಡವೆಂದು ನಿಮ್ಮ ತಾಯಿಗೆ ಮೊದಲೇ ಹೇಳಿಬಿಡಿ.