ವರ್ತಕನಿಗೆ ಬೇಕಾದ ಶಕ್ತಿ: ಇಲ್ವಲನದೋ, ಅಗಸ್ತ್ಯರದೋ?

ತನ್ನಲ್ಲಿಲ್ಲದ ಶಕ್ತಿಯನ್ನು ಕಲ್ಪನೆಯಲ್ಲಾದರೂ ಪಡೆಯಬೇಕೆಂಬ ಹಂಬಲ ಮನುಷ್ಯನಿಗೆ ಹೊಸದಲ್ಲ. ನಮ್ಮ ಯೋಗಶಾಸ್ತ್ರವು ಅಣಿಮಾ, ಮಹಿಮಾ, ಲಘಿಮಾ ಮೊದಲಾದ ಅಷ್ಟಸಿದ್ಧಿಗಳನ್ನು ಎಣಿಸಿತು. ಅಮೆರಿಕದ ಮಕ್ಕಳಿಗೆ 1938ರಲ್ಲಿ ಸೂಪರ್‌ಮ್ಯಾನ್ ದೊರೆತನು. ನಮ್ಮ ಮಕ್ಕಳು 1997ರಿಂದ 2005ರವರೆಗೆ ದೂರದರ್ಶನದಲ್ಲಿ ಶಕ್ತಿಮಾನ್‌ನನ್ನು ಕಂಡು ಹಿಗ್ಗಿದರು. ಹಾರುವ ಶಕ್ತಿ ಮೇಲೋ, ಅದೃಶ್ಯನಾಗುವ ಶಕ್ತಿ ಮೇಲೋ ಎಂಬ ಅವರ ವಾದವನ್ನು ಹಿರಿಯರು ಕೇಳಿ ನಗುವುದುಂಟು. ಆದರೆ ಅಂಗಡಿಯ ಗಾದಿಯ ಮೇಲೆ ಕುಳಿತ ವರ್ತಕನೂ ಮನಸ್ಸಿನಲ್ಲಿ ಇದೇ ವಾದ ಮಾಡುತ್ತಿರುತ್ತಾನೆ. ನಾಳಿನ ಧಾರಣೆ ಇಂದೇ ತಿಳಿದಿದ್ದರೆ? ಗಿರಾಕಿಯ ಮನದ ಮಾತು ಕೇಳಿಸಿದ್ದರೆ? ಮುಳುಗಿದ ಬಾಕಿ ಎದ್ದು ಬಂದಿದ್ದರೆ?

ಈ ಪ್ರಶ್ನೆಯನ್ನು ಬಗೆಹರಿಸಲು ಕೆರೂರಿನ ವರ್ತಕರು ಬಹುದೂರ ಹೋಗಬೇಕಾದ ಅಗತ್ಯವಿಲ್ಲ. ನಮ್ಮ ತಾಲ್ಲೂಕಿನ ಮುಖ್ಯಸ್ಥಳವಾದ ಬಾದಾಮಿಯ ಪ್ರಾಚೀನ ಹೆಸರೇ ವಾತಾಪಿ. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿಯು ಕೋಟೆ ಕಟ್ಟಿಸಿದ ಆ ಊರಿನ ಕೆರೆಯನ್ನು ಇಂದಿಗೂ ಅಗಸ್ತ್ಯ ತೀರ್ಥವೆಂದೇ ಕರೆಯುತ್ತಾರೆ. ಈ ಎರಡು ಹೆಸರುಗಳ ಹಿಂದಿರುವ ಕಥೆಯು ಅದ್ಭುತ ಶಕ್ತಿಗಳ ನಡುವಿನ ಸ್ಪರ್ಧೆಯ ಕಥೆಯೇ ಆಗಿದೆ.

ಮಹಾಭಾರತದ ವನಪರ್ವದಲ್ಲಿ ಇದು ವಿಸ್ತಾರವಾಗಿ ಬಂದಿದೆ. ಅಲ್ಲಿ ಇಲ್ವಲನ ಊರು ಮಣಿಮತಿ. ಸ್ಥಳಪುರಾಣವು ಅದನ್ನು ಬಾದಾಮಿಗೆ ತಂದು ನಿಲ್ಲಿಸಿದೆ. ಇಲ್ವಲ ಮತ್ತು ವಾತಾಪಿ ಅಣ್ಣತಮ್ಮಂದಿರು. ತಮ್ಮನಾದ ವಾತಾಪಿಯು ಬೇಕಾದ ರೂಪ ತಾಳಬಲ್ಲವನು. ಅವನು ಟಗರಾಗುವನು, ಅಣ್ಣನು ಅವನನ್ನು ಅಡುಗೆ ಮಾಡಿ ಅತಿಥಿಗೆ ಬಡಿಸುವನು. ಸತ್ತವರನ್ನು ಹೆಸರು ಹಿಡಿದು ಕರೆದರೆ ಅವರು ಜೀವಂತವಾಗಿ ಬರುವ ಶಕ್ತಿ ಇಲ್ವಲನಿಗಿತ್ತು. ಊಟ ಮುಗಿದೊಡನೆ ಅವನು ಕರೆಯುವನು; ತಮ್ಮನು ಅತಿಥಿಯ ಹೊಟ್ಟೆ ಸೀಳಿಕೊಂಡು ಹೊರಬರುವನು. ಅಗಸ್ತ್ಯರಿಗೂ ಹೀಗೆಯೇ ಬಡಿಸಿದನು. ಅವರು ಪೂರ್ತಿ ಉಂಡರು. ಇಲ್ವಲನು ಎಷ್ಟು ಕರೆದರೂ ವಾತಾಪಿ ಬರಲಿಲ್ಲ. ಅವನು ಆಗಲೇ ಜೀರ್ಣವಾಗಿದ್ದನು.

ಈ ಒಂದೇ ಕಥೆಯಲ್ಲಿ ನಾಲ್ಕು ಶಕ್ತಿಗಳಿವೆ. ಒಂದೊಂದನ್ನೂ ವರ್ತಕನ ತಕ್ಕಡಿಯಲ್ಲಿಟ್ಟು ತೂಗೋಣ.

ರೂಪ ಬದಲಿಸುವ ಶಕ್ತಿ

ಕಾಲಕ್ಕೆ ತಕ್ಕಂತೆ ರೂಪ ಬದಲಿಸದ ವ್ಯಾಪಾರ ಉಳಿಯದು ಎಂಬುದನ್ನು ಅಲ್ಲಗಳೆಯುವಂತಿಲ್ಲ. ನಮ್ಮ ಜಿಲ್ಲೆಯ ಇಳಕಲ್ ಸೀರೆಯನ್ನೇ ನೋಡಬಹುದು. ಅದರ ಒಡಲಿಗೆ ಹತ್ತಿಯ ಜೊತೆಗೆ ರೇಷ್ಮೆ ಬಂದಿತು, ಕೃತಕ ರೇಷ್ಮೆಯೂ ಬಂದಿತು. ಆದರೆ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುವ ಪದ್ಧತಿಯನ್ನು ನೇಕಾರರು ಕೈಬಿಡಲಿಲ್ಲ. ಅದು ಉಳಿದುದರಿಂದಲೇ ಇಳಕಲ್ ಸೀರೆ ಇಳಕಲ್ ಸೀರೆಯಾಗಿ ಉಳಿಯಿತು. ವಾತಾಪಿಯ ಬದಲಾವಣೆ ಅಂಥದಲ್ಲ. ಅವನು ತನ್ನ ಗುರುತನ್ನೇ ಕಳೆದುಕೊಂಡು ಮತ್ತೊಬ್ಬರ ಕರೆಯನ್ನು ನಂಬಿ ಮಲಗಿದನು. ವರ್ಷಕ್ಕೊಂದು ದಂಧೆ ಹಿಡಿದು, ಒಂದರಲ್ಲಿಯೂ ಕೈ ಪಳಗದೆ, ಸಾಲ ಕೊಟ್ಟವರ ಕೃಪೆಯಿಂದ ಜೀವ ಹಿಡಿದಿರುವವರ ಸ್ಥಿತಿಯೂ ಇದೇ.

ಸತ್ತದ್ದನ್ನು ಕರೆಯುವ ಶಕ್ತಿ

ವರ್ತಕರಲ್ಲಿ ಬಹುತೇಕರು ಬಯಸುವುದು ಇದನ್ನೇ. ದೀಪಾವಳಿಯ ಲಕ್ಷ್ಮೀಪೂಜೆಯಂದು ಹೊಸ ಖಾತೆಪುಸ್ತಕ ತೆರೆದಾಗ ಹಳೆಯ ಉದ್ರಿಯನ್ನು ಹಾಗೆಯೇ ಮುಂದಕ್ಕೆ ಬರೆದುಕೊಳ್ಳುತ್ತೇವೆ. ಕೊಳ್ಳುವವನು ಊರು ಬಿಟ್ಟು ಐದು ವರ್ಷ ಕಳೆದಿದ್ದರೂ ಅವನ ಬಾಕಿ ಪ್ರತಿವರ್ಷ ನಮ್ಮ ಆಸ್ತಿಯ ಪಟ್ಟಿಯಲ್ಲಿ ಜೀವಂತವಾಗಿರುತ್ತದೆ. ಇದು ಇಲ್ವಲನ ಕರೆಯಲ್ಲದೆ ಮತ್ತೇನು?

ಕಾನೂನು ಈ ಶಕ್ತಿಯನ್ನು ಒಂದು ಮಿತಿಯಲ್ಲಿ ನಮಗೆ ಕೊಟ್ಟಿದೆ. 1963ರ ಕಾಲಮಿತಿ ಕಾಯ್ದೆಯಂತೆ ಮಾಲಿನ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಆ ಅವಧಿ ಮುಗಿಯುವ ಮುನ್ನವೇ ಸಾಲಗಾರನು ಬಾಕಿಯನ್ನು ಒಪ್ಪಿ ಸಹಿ ಮಾಡಿದ ಪತ್ರ ಕೊಟ್ಟರೆ ಹೊಸದಾಗಿ ಮೂರು ವರ್ಷ ಆರಂಭವಾಗುತ್ತದೆ. ವರ್ಷಕ್ಕೊಮ್ಮೆ ಬಾಕಿಯ ತಪಶೀಲು ಕಳುಹಿಸಿ ಸಹಿ ತರಿಸಿಕೊಳ್ಳುವ ವರ್ತಕನಿಗೆ ಇಲ್ವಲನ ಶಕ್ತಿಯ ಒಂದಂಶ ಇದೆಯೆಂದೇ ಹೇಳಬೇಕು. ಸಹಿಯಿಲ್ಲದ ಬರಿಯ ಕರೆಗೆ ಯಾರೂ ಎದ್ದು ಬರುವುದಿಲ್ಲ.

ಮನಸ್ಸನ್ನು ಓದುವ ಶಕ್ತಿ

ಸೋತ ಇಲ್ವಲನು, ತಾನು ಕೊಡಬೇಕೆಂದಿರುವುದು ಎಷ್ಟೆಂದು ಹೇಳಿದರೆ ಕೊಡುವೆನೆಂದನು. ಅಗಸ್ತ್ಯರು ಹಸು ಮತ್ತು ಚಿನ್ನದ ಸಂಖ್ಯೆಯನ್ನು ಸರಿಯಾಗಿ ಹೇಳಿದರು. ಗಿರಾಕಿಯ ಮನಸ್ಸನ್ನು ಹೀಗೆ ಓದಬಲ್ಲವನಿಗೆ ಲಾಭವುಂಟೆಂಬುದು ನಿಜ. ಆದರೆ ಉದ್ರಿ ಒಯ್ಯುವವನು ಸಾಮಾನ್ಯವಾಗಿ ಒಳ್ಳೆಯ ಮನಸ್ಸಿನಿಂದಲೇ ಒಯ್ಯುತ್ತಾನೆ. ಮಳೆ ಹೋದರೆ, ಮಗ್ಗ ನಿಂತರೆ, ಮನೆಯಲ್ಲಿ ಕಾಯಿಲೆ ಬಂದರೆ ಅವನ ಕೈ ಕಟ್ಟಿಹೋಗುತ್ತದೆ. ಇಂದಿನ ಮನಸ್ಸನ್ನು ಓದಿದ ಮಾತ್ರಕ್ಕೆ ನಾಳಿನ ಕೈ ತಿಳಿಯುವುದಿಲ್ಲ.

ಅರಗಿಸಿಕೊಳ್ಳುವ ಶಕ್ತಿ

ಉಳಿದದ್ದು ಇದೊಂದೇ. ನಮ್ಮ ಅಭಿಪ್ರಾಯದಲ್ಲಿ ವರ್ತಕನು ಬೇಡಬೇಕಾದ ವರವೂ ಇದೇ. ಬಂದ ನಷ್ಟವು ಹೊಟ್ಟೆ ಸೀಳದಂತೆ ಅದನ್ನು ಕರಗಿಸುವ ಶಕ್ತಿಯಿದ್ದವನು ಮರುದಿನವೂ ಅಂಗಡಿ ತೆರೆಯುತ್ತಾನೆ.

ಲೆಕ್ಕ ಸರಳವಾಗಿದೆ. ನಿವ್ವಳ ಲಾಭ ಶೇಕಡಾ 5 ಇರುವ ವ್ಯಾಪಾರದಲ್ಲಿ 50,000 ರೂಪಾಯಿ ಬಾಕಿ ಮುಳುಗಿದರೆ ಅದನ್ನು ತುಂಬಿಕೊಳ್ಳಲು 10 ಲಕ್ಷ ರೂಪಾಯಿಗಳ ಹೊಸ ಮಾರಾಟ ಬೇಕು. ಸ್ವಂತ ಬಂಡವಾಳ 20 ಲಕ್ಷವಿರುವವನು ಒಬ್ಬನೇ ಗಿರಾಕಿಗೆ 8 ಲಕ್ಷ ಉದ್ರಿ ಕೊಟ್ಟು ಕಳೆದುಕೊಂಡರೆ 1 ಕೋಟಿ 60 ಲಕ್ಷದ ಮಾರಾಟ ಬೇಕು. ಇದರ ಮೇಲೆ ತೆರಿಗೆಯ ಭಾರ ಬೇರೆ. ಉದ್ರಿ ಮಾರಾಟದ ಜಿಎಸ್‌ಟಿಯನ್ನು ಹಣ ಬರುವ ಮುನ್ನವೇ ಕಟ್ಟಿರುತ್ತೇವೆ; ಬಾಕಿ ಮುಳುಗಿತೆಂದು ಅದು ಮರಳಿ ಬರುವುದಿಲ್ಲ. ಆದಾಯ ತೆರಿಗೆಯಲ್ಲಿ ಮಾತ್ರ ಮುಳುಗಿದ ಬಾಕಿಯನ್ನು ಖರ್ಚೆಂದು ಕಳೆಯಲು ಅವಕಾಶವಿದೆ. ಅದೂ ಕೂಡ ಆ ಮೊತ್ತವನ್ನು ನಮ್ಮ ಖಾತೆಯಲ್ಲಿ ಕೈಬಿಟ್ಟು ಬರೆದ ಮೇಲೆಯೇ. ಅಂದರೆ ಸತ್ತ ಬಾಕಿಯನ್ನು ಕರೆಯುತ್ತಲೇ ಇರುವವನಿಗೆ ಬಾಕಿಯೂ ಇಲ್ಲ, ರಿಯಾಯಿತಿಯೂ ಇಲ್ಲ. ಅರಗಿಸಿಕೊಂಡವನಿಗೆ ಅಷ್ಟರಮಟ್ಟಿಗಾದರೂ ಪ್ರಯೋಜನವುಂಟು.

ಅಗಸ್ತ್ಯರಿಗೆ ಈ ಶಕ್ತಿ ಎಲ್ಲಿಂದ ಬಂದಿತು? ಕಥೆಯ ಮೊದಲ ಭಾಗದಲ್ಲಿ ಉತ್ತರವಿದೆ. ಪತ್ನಿ ಲೋಪಾಮುದ್ರೆಯು ಒಳ್ಳೆಯ ವಸ್ತ್ರಾಭರಣ ಬಯಸಿ, ತಪಸ್ಸಿನ ಬಲದಿಂದ ಅವನ್ನು ಕ್ಷಣದಲ್ಲಿ ತರಬಹುದಲ್ಲವೇ ಎಂದು ಕೇಳಿದಳು. ಹಾಗೆ ಮಾಡಿದರೆ ತಪಸ್ಸು ವ್ಯಯವಾಗುವುದೆಂದು ಅಗಸ್ತ್ಯರು ಒಪ್ಪಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಮನೆಖರ್ಚಿಗೆ ಮೂಲಧನವನ್ನು ಮುಟ್ಟಲಿಲ್ಲ. ಮದುವೆಗೋ ಮನೆ ಕಟ್ಟಲೋ ಅಂಗಡಿಯ ದುಡ್ಡನ್ನು ಎತ್ತಿದವನ ಜಠರಾಗ್ನಿ ಆಗಲೇ ನಂದಿರುತ್ತದೆ. ಆದ್ದರಿಂದ ಉದ್ರಿ ಕೊಡುವಾಗ ಇಷ್ಟು ಹೋದರೆ ಅರಗೀತೇ ಎಂಬ ಪ್ರಶ್ನೆ ಮೊದಲು ಬರಬೇಕು. ಇಷ್ಟು ಲಾಭ ಬಂದೀತೇ ಎಂಬುದು ಆಮೇಲೆ.

ಸಹನೆಯಲ್ಲ, ಸಾಮರ್ಥ್ಯ

ಅರಗಿಸಿಕೊಳ್ಳುವುದೆಂದರೆ ಅನ್ಯಾಯವನ್ನು ನುಂಗಿಕೊಂಡು ಸುಮ್ಮನಿರುವುದಲ್ಲ. ವಾತಾಪಿಯನ್ನು ಅರಗಿಸಿಕೊಂಡ ಅಗಸ್ತ್ಯರು ಇಲ್ವಲನಿಂದ ಬರಬೇಕಾದುದನ್ನು ಪಡೆದೇ ಹೊರಟರು. 2006ರ ಎಂಎಸ್‌ಎಂಇಡಿ ಕಾಯ್ದೆಯು ಅತಿ ಸಣ್ಣ ಮತ್ತು ಸಣ್ಣ ಉತ್ಪಾದಕರಿಗೆ ಇಂಥ ಹಕ್ಕನ್ನು ಕೊಟ್ಟಿದೆ. ಲಿಖಿತ ಒಪ್ಪಂದವಿದ್ದರೂ ಕೊಳ್ಳುವವನು 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಅವಧಿ ಮೀರಿದ ಬಾಕಿಯನ್ನು ಕೊಳ್ಳುವವನು ಆ ವರ್ಷದ ಖರ್ಚೆಂದು ತೋರಿಸಲಾಗದೆಂಬ ನಿಯಮವನ್ನು 2023ರ ಹಣಕಾಸು ಕಾಯ್ದೆ ತಂದಿತು. ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರುವುದು ಕ್ಷೇಮ. ಬರಿಯ ವ್ಯಾಪಾರ ಮಾಡುವವರನ್ನು ಮಾತ್ರ 2021ರ ಜುಲೈ ಆದೇಶವು ಆದ್ಯತಾ ವಲಯದ ಸಾಲಕ್ಕಷ್ಟೇ ಸೇರಿಸಿಕೊಂಡಿದ್ದು, ತಡಪಾವತಿಯ ರಕ್ಷಣೆ ಅವರಿಗೆ ಕೊಟ್ಟಿಲ್ಲ. ಈ ಭೇದವನ್ನು ವಾಣಿಜ್ಯ ಮಂಡಳಿಗಳು ಸರ್ಕಾರದ ಗಮನಕ್ಕೆ ತರುತ್ತಲೇ ಇರಬೇಕು.

ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ಇಲ್ವಲನ ಬಳಿಗೆ ಹೋಗುವ ಮುನ್ನ ಅಗಸ್ತ್ಯರು ಶ್ರುತರ್ವ, ತ್ರಸದಸ್ಯು ಮೊದಲಾದ ಮೂವರು ಅರಸರಲ್ಲಿ ಧನ ಕೇಳಿದ್ದರು. ಆ ಅರಸರು ತಮ್ಮ ಆಯವ್ಯಯವನ್ನು ಮುಚ್ಚಿಡದೆ ಮುಂದಿಟ್ಟರು. ಆದಾಯವೂ ಖರ್ಚೂ ಸಮವಾಗಿರುವುದನ್ನು ಕಂಡ ಋಷಿಯು, ಇಲ್ಲಿ ತೆಗೆದುಕೊಂಡರೆ ಪ್ರಜೆಗಳಿಗೆ ಪೀಡೆಯಾದೀತೆಂದು ಏನನ್ನೂ ಮುಟ್ಟಲಿಲ್ಲ. ನೇಕಾರನಿಂದ, ಸಣ್ಣ ಕಾರ್ಖಾನೆಯವನಿಂದ ಮಾಲು ಎತ್ತುವ ನಮ್ಮಲ್ಲಿ ಎಷ್ಟು ಜನ ಅವನ ಆಯವ್ಯಯವನ್ನು ಯೋಚಿಸಿ ವಾಯಿದೆ ಕೇಳುತ್ತೇವೆ? ಬರಬೇಕಾದಾಗ ಅಗಸ್ತ್ಯರ ಹೆಸರು ಹೇಳಿ, ಕೊಡಬೇಕಾದಾಗ ಇಲ್ವಲನಾಗುವುದು ನ್ಯಾಯವಲ್ಲ. ನಮ್ಮ ತಡಪಾವತಿ ಇನ್ನೊಬ್ಬನ ಹೊಟ್ಟೆಯಲ್ಲಿ ಸೇರಿದ ವಾತಾಪಿಯೇ ಆಗಿರುತ್ತದೆ. ಅದನ್ನು ಅರಗಿಸಿಕೊಳ್ಳುವ ಶಕ್ತಿ ನಮಗಿಂತ ಅವನಿಗೆ ಕಡಿಮೆ.

ಹಾರುವ ಶಕ್ತಿಯೂ ಅದೃಶ್ಯನಾಗುವ ಶಕ್ತಿಯೂ ಮಕ್ಕಳಿಗಿರಲಿ. ವರ್ತಕ ಬಂಧುಗಳು ಈ ವರ್ಷದ ಖಾತೆ ಮುಗಿಸುವ ಮುನ್ನ ಮೂರು ಪಟ್ಟಿಗಳನ್ನು ಬರೆದಿಡಲೆಂಬುದು ನಮ್ಮ ವಿನಂತಿ: ಸಹಿ ತರಿಸಿ ಉಳಿಸಿಕೊಳ್ಳಬಹುದಾದ ಬಾಕಿ, ಕೈಬಿಟ್ಟು ಅರಗಿಸಿಕೊಳ್ಳಬೇಕಾದ ಬಾಕಿ, ಮತ್ತು ನಾವೇ ಇತರರಿಗೆ ಕೊಡಬೇಕಾದ ಬಾಕಿ. ಮೂರನೆಯದನ್ನು ಮೊದಲು ತೀರಿಸುವುದು ಲೇಸು.