ಗದರಿ ಕೂರಿಸಿದ ಒಂದು ಪ್ರಶ್ನೆ



ನಿವೃತ್ತನಾದ ಮೇಲೆ ಶಿವಪುರದ ಮನೆಯ ಜಗಲಿಯಲ್ಲಿ ಕುಳಿತು ಹಳೆಯ ಪಾಠಗಳನ್ನು ಮೆಲುಕು ಹಾಕುವುದು ನನ್ನ ಅಭ್ಯಾಸ. ಅವುಗಳಲ್ಲಿ ಒಂದನ್ನು ಇಂದು ತಿದ್ದಬೇಕಾಗಿದೆ.

‘ಬ್ಯಾಕ್ಟೀರಿಯಾಗಳು ಬರಿಗಣ್ಣಿಗೆ ಕಾಣಿಸುವುದಿಲ್ಲ’ ಎಂದು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದೆ. ನೀವೂ ಬರೆದುಕೊಂಡಿರಿ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, “ಎಲ್ಲಾನೂ ನೋಡಿ ಮುಗಿಸವ್ರಾ ಸಾ?” ಎಂದು ಕೇಳಿದ. ತರಗತಿ ನಕ್ಕಿತು. “ತಲೆಹರಟೆ ಮಾಡ್ಬೇಡ, ಕೂತ್ಕೊ” ಎಂದು ಗದರಿದೆ. ಅವನು ಕುಳಿತ. ಮತ್ತೆಂದೂ ಪ್ರಶ್ನೆ ಕೇಳಲಿಲ್ಲ.

ಉತ್ತರ ಬಂದದ್ದು 2022ರ ಜೂನ್ ತಿಂಗಳಿನಲ್ಲಿ, ‘ಸೈನ್ಸ್’ ಪತ್ರಿಕೆಯ ಮೂಲಕ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ, ಕಾಂಡ್ಲಾ ಕಾಡಿನ ಕೆಸರುನೀರಿನೊಳಗೆ ಕೊಳೆಯುತ್ತಿದ್ದ ಎಲೆಗಳ ಮೇಲೆ ಬಿಳಿಯ ಎಳೆಗಳನ್ನು ಒಲಿವಿಯೆ ಗ್ರೋ ಎಂಬ ವಿಜ್ಞಾನಿ 2009ರಲ್ಲಿಯೇ ಕಂಡಿದ್ದರು. ಅವು ಬ್ಯಾಕ್ಟೀರಿಯಾ ಎಂದು ಮೊದಲಿಗೆ ಅವರಿಗೂ ಹೊಳೆಯಲಿಲ್ಲ. ಒಂದೊಂದು ಎಳೆಯೂ ಒಂದೇ ಜೀವಕೋಶ. ಉದ್ದ ಸುಮಾರು 1 ಸೆಂಟಿಮೀಟರ್, ಕೆಲವು 2 ಸೆಂಟಿಮೀಟರ್. ಹೆಸರು ಥಿಯೋಮಾರ್ಗರಿಟಾ ಮ್ಯಾಗ್ನಿಫಿಕಾ. ಸಾಧಾರಣ ಬ್ಯಾಕ್ಟೀರಿಯಾದ ಉದ್ದವಾದರೋ ಮಿಲಿಮೀಟರಿನ 500ನೇ ಒಂದು ಭಾಗ!

ಬ್ಯಾಕ್ಟೀರಿಯಾ ಚಿಕ್ಕದಾಗಿರಬೇಕೇಕೆ? ಅದರೊಳಗೆ ವಸ್ತುಗಳು ಹೆಚ್ಚಾಗಿ ವಿಸರಣೆಯಿಂದಲೇ ಸಾಗುತ್ತವೆ. ದೂರ ಹೆಚ್ಚಿದಂತೆ ಅದು ತೀರಾ ನಿಧಾನ. ಈ ದೈತ್ಯ ಆ ನಿಯಮವನ್ನು ಮುರಿಯಲಿಲ್ಲ, ಅದಕ್ಕೆ ಹೊಂದಿಕೊಂಡಿತು. ಒಡಲಿನ ಬಹುಭಾಗವನ್ನು ರಸದಾನಿಯೇ ತುಂಬಿದ್ದು, ಜೀವದ್ರವ್ಯವು ಅಂಚಿನಲ್ಲಿ ತೆಳುವಾಗಿ ಹರಡಿದೆ. ಅದರ ಜೀನೋಮ್ ಸುಮಾರು 1.2 ಕೋಟಿ ಅಕ್ಷರಗಳದ್ದು, ಬಹುತೇಕ ಬ್ಯಾಕ್ಟೀರಿಯಾಗಳದ್ದಕ್ಕಿಂತ ಮೂರು ಪಟ್ಟು. ಒಂದೇ ಕೋಶದಲ್ಲಿ ಅದರ ಪ್ರತಿಗಳು ಲಕ್ಷಗಟ್ಟಲೆ, ಪುಟ್ಟ ಪೊರೆಚೀಲಗಳಲ್ಲಿ ಉದ್ದಕ್ಕೂ ಹಂಚಿಕೊಂಡಿವೆ. ಪಹಣಿಗಾಗಿ ಎಲ್ಲರೂ ಮಂಡ್ಯಕ್ಕೆ ಅಲೆಯುವ ಬದಲು ಹೋಬಳಿಯಲ್ಲಿಯೇ ಪಡೆದಂತೆ! ಕೋಶ ಇಬ್ಭಾಗವಾಗಲು ಬೇಕಾದ ಹಲವು ವಂಶವಾಹಿಗಳು ಕಳೆದುಹೋಗಿವೆ. ಉದ್ದವಾಗಲು ಬೇಕಾದವು ಇಮ್ಮಡಿಯಾಗಿವೆ.

ಇದೊಂದೇ ಅಲ್ಲ. ಕೆಂಪು ಸಮುದ್ರದ ಮೀನಿನ ಕರುಳಿನಲ್ಲಿ ಕಂಡ ಎಪುಲೋಪಿಸ್ಕಿಯಂ ಬೇರೆಯೇ ವಂಶದ್ದು. ಅದು ಬ್ಯಾಕ್ಟೀರಿಯಾ ಎಂದು 1993ರಲ್ಲಿ ಖಚಿತವಾಯಿತು. ಅದೂ ಜೀನೋಮಿನ ಸಾವಿರಾರು ಪ್ರತಿಗಳನ್ನು ಇರಿಸಿಕೊಂಡಿದೆ. 1999ರಲ್ಲಿ ವಿವರಿಸಲಾದ ನಮೀಬಿಯಾದ ಗಂಧಕದ ಬ್ಯಾಕ್ಟೀರಿಯಾ, ಬರಗಾಲಕ್ಕೆಂದು ಕಣಜ ತುಂಬಿದಂತೆ, ರಸದಾನಿಯಲ್ಲಿ ನೈಟ್ರೇಟ್ ಕೂಡಿಡುತ್ತದೆ. ಅದರ ನೆಂಟ ಬೆಜಿಯಟೋವ ಭತ್ತದ ಗದ್ದೆಯ ಕೆಸರಿನಲ್ಲಿಯೂ ಬದುಕುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ವಿಷವನ್ನು ಕರಗಿಸಿ ಪೈರಿನ ಬೇರಿಗೆ ಉಪಕಾರ ಮಾಡುತ್ತದೆ.

ನನ್ನ ಅಭಿಪ್ರಾಯವಿಷ್ಟೆ: ನಾನು ಕಲಿಸಿದ ವಾಕ್ಯ ಸುಳ್ಳಾಯಿತು, ಅದರ ಹಿಂದಿದ್ದ ಕಾರಣ ಸುಳ್ಳಾಗಲಿಲ್ಲ. ವಿಸರಣೆಯ ಮಿತಿ ಇಂದಿಗೂ ಸತ್ಯ. ಆ ದೈತ್ಯನ ದೇಹರಚನೆಯೇ ಅದಕ್ಕೆ ಸಾಕ್ಷಿ. ಕಾರಣವನ್ನು ಬೋಧಿಸಿದ್ದರೆ ಆ ಹುಡುಗನ ಪ್ರಶ್ನೆ ತಲೆಹರಟೆಯಾಗಿ ಕೇಳಿಸುತ್ತಿರಲಿಲ್ಲ. ಪರೀಕ್ಷೆಗೆ ವಾಕ್ಯ ಸಾಕು, ಬದುಕಿಗೆ ಕಾರಣವೇ ಬೇಕು. ನಿಮ್ಮಲ್ಲಿ ಅನೇಕರು ಈಗ ಅಧ್ಯಾಪಕರು, ತಂದೆತಾಯಂದಿರು. ‘ಇದುವರೆಗೆ ಕಂಡಂತೆ’ ಎಂಬ ಎರಡು ಪದಗಳನ್ನು ಸೇರಿಸಿ ಹೇಳಿಕೊಡಿ. ನಮ್ಮ ಅಘನಾಶಿನಿ ಅಳಿವೆಯ ಕಾಂಡ್ಲಾ ಕೆಸರಿನಲ್ಲಿ ಬಿದ್ದ ಎಲೆಗಳನ್ನೆಲ್ಲ ಮಗುಚಿ ನೋಡಿದವರು ಯಾರಿದ್ದಾರೆ?

1938ರಲ್ಲಿ ಸರ್ಕಾರದ ನಿಷೇಧವನ್ನು ಮೀರಿ ಧ್ವಜ ಹಾರಿಸಿದ ಊರು ನಮ್ಮದು. ಆ ಧೈರ್ಯವನ್ನು ಪ್ರತಿವರ್ಷ ಭಾಷಣದಲ್ಲಿ ಕೊಂಡಾಡುತ್ತಿದ್ದ ನಾನು, ಬಾಲಕನೊಬ್ಬನ ಒಂದು ಪ್ರಶ್ನೆಯನ್ನು ಸಹಿಸಲಿಲ್ಲ. ಅವನು ಇದನ್ನು ಓದುತ್ತಿದ್ದರೆ ಹೇಳುತ್ತೇನೆ: ಇಲ್ಲಪ್ಪ, ಎಲ್ಲವನ್ನೂ ನೋಡಿ ಮುಗಿಸಿರಲಿಲ್ಲ. ನಿನ್ನ ಪ್ರಶ್ನೆಯೇ ಸರಿ. ನನ್ನನ್ನು ಕ್ಷಮಿಸು.